ಎದೆಯ ಮೇಲಿನ ಚಿಗರಿ

ಟಪ್. ದಾರ ಹರಿಯುವ ಸಣ್ಣ ಸದ್ದು. ಸಾಕ್ಷಿ ಬ್ಲೇಡು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಪಡಸಾಲೆಯ ಕಡೆ ಕಿವಿಗೊಟ್ಟಳು. ಅಪ್ಪನ ಗೊರಕೆ ಒಂದೇ ಸಮ ನಡೆದಿತ್ತು. ಹೊರ್ತಿಯ ಓಣಿಯೆಲ್ಲ ಮಲಗಿತ್ತು. ಅವಳು ಮತ್ತೆ ತಲೆ ಬಗ್ಗಿಸಿ ಇನ್ನೊಂದು ಹೊಲಿಗೆ ಕತ್ತರಿಸಿದಳು.

ತೊಡೆಯ ಮೇಲಿದ್ದದ್ದು ಅಪ್ಪ ಸಿದ್ರಾಮನ ನೀಲಿ ಟೀಶರ್ಟು. ಅದರ ಎದೆಯ ಮೇಲೆ ಅಂಗೈಯಗಲದ ಜಿಂಕೆ, ಅಪ್ಪನ ಬಾಯಲ್ಲಿ ಚಿಗರಿ, ಕಿತ್ತಳೆ ದಾರದಲ್ಲಿ ನೆಗೆಯುತ್ತಿತ್ತು. ಯಾವುದೋ ದೊಡ್ಡ ಕಂಪನಿಯ ಗುರುತಿನ ನಕಲು. ಗೌಂಡಿ ಕೆಲಸದ ಸಿದ್ರಾಮನಿಗೆ ಇಂಥವೆಂದರೆ ಜೀವ. ಎದೆಯ ಮೇಲೆ ಚಿತ್ರವಿಲ್ಲದ ಅಂಗಿಯನ್ನು ಅವನು ಸಂತೆಯಲ್ಲಿ ಮುಟ್ಟಿಯೂ ನೋಡುತ್ತಿರಲಿಲ್ಲ.

ಬೆಳಗಾದರೆ ನಾಲತವಾಡದಿಂದ ಹೆಣ್ಣು ನೋಡಲು ಬರುವವರಿದ್ದರು. ಹುಡುಗ ಅನಿಲಕುಮಾರ ಸಿಂದಗಿಯ ಕಾಲೇಜಿನಲ್ಲಿ ಗ್ರಂಥಪಾಲಕ. ಅವನೊಡನೆ ಫೋನಿನಲ್ಲಿ ಮಾತಾಡಿದಾಗಿನಿಂದ ಈ ಸಂಬಂಧ ಕೂಡಿಬರಲಿ ಎಂದು ಸಾಕ್ಷಿ ಒಳಗೊಳಗೇ ಹಂಬಲಿಸಿದ್ದಳು. "ನಮ್ಮ ಅಪ್ಪಾರು ಹೆಡ್‌ಮಾಸ್ತರ ಇದ್ದವರು, ಭಾಳ ಸಾದಾ. ಡೌಲು ಮಾಡೋರ್ನ ಕಂಡ್ರ ಅವರಿಗೆ ಆಗಂಗಿಲ್ಲ" ಎಂದು ಅವನು ಸಹಜವಾಗಿ ಅಂದದ್ದು ಅವಳ ತಲೆಯಲ್ಲಿ ಮುಳ್ಳಾಗಿ ಕೂತಿತ್ತು.

ಸಂಜೆ ಅಪ್ಪನಿಗೆ ಹೇಳಿಯೂ ನೋಡಿದ್ದಳು. "ಅಪ್ಪಾ, ನಾಳೆ ಬಿಳಿ ಅಂಗಿ ಹಾಕ್ಕೋ."

"ಬಿಳಿ ಅಂಗಿ ಯಾಕವ್ವಾ? ನಾನೇನ ಇಲೆಕ್ಷನ್ನಿಗೆ ನಿಂತೇನೇನ?" ಎಂದು ಅವನು ನಕ್ಕುಬಿಟ್ಟಿದ್ದ. "ನನ್ನ ಮಗಳ್ನ ನೋಡಾಕ ಬರ್ತಾರ, ಚಿಗರಿ ಅಂಗೀನ ಹಾಕ್ಕೊಳ್ಳಾಂವ."

ಜಿಂಕೆಯ ತಲೆ, ಕೋಡು, ಕುತ್ತಿಗೆ ಬಿಚ್ಚಿ ಮುಗಿಯುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಗುಂಡವ್ವ ಮಗಳ ತೊಡೆಯ ಮೇಲಿನ ಅಂಗಿ ನೋಡಿದಳು, ನೆಲದ ಮೇಲೆ ಬಿದ್ದ ದಾರದ ಚೂರು ನೋಡಿದಳು. ಬಯ್ಯಲಿಲ್ಲ. ಗೋಡೆಗೆ ಒರಗಿ ಕೂತಳು.

"ನಿಮ್ಮಪ್ಪ ನಾಕನೇತ್ತಕ್ಕ ಸಾಲಿ ಯಾಕ ಬಿಟ್ರು ಗೊತ್ತೈತೇನ?"

"ಮನ್ಯಾಗ ಬಡತನ ಅಂತ…"

"ಬಡತನ ಎಲ್ಲಾರಿಗೂ ಇತ್ತು." ಅವ್ವ ದನಿ ತಗ್ಗಿಸಿದಳು. "ಆಗ ಇವರ ಮೈಮ್ಯಾಗ ತಮ್ಮದಂತ ಒಂದ ಅರಿವಿ ಇರ್ಲಿಲ್ಲ. ಗೌಡ್ರ ಮನಿ ಹುಡುಗ್ರು ಹಾಕ್ಕೊಂಡ ಬಿಟ್ಟಿದ್ದ ಇವರಿಗೆ. ಒಂದಿನ ಅವರಾಗಿನ ಒಬ್ಬ ಹುಡುಗ ಸಾಲ್ಯಾಗ ಎಲ್ಲಾರ ಮುಂದ, 'ಏ ಸಿದ್ರ್ಯಾ, ನನ್ನ ಅಂಗಿ ಮಣ್ಣ ಮಾಡಬ್ಯಾಡಲೇ' ಅಂದ್ನಂತ. ಸಾಲಿಗೆ ಸಾಲೀನ ನಕ್ತಂತ. ಅಂಗಿ ಅಲ್ಲೇ ಕಳದ ಒಗದು ಬರೇ ಮೈಲೆ ಮನಿಗೆ ಬಂದಾರ. ಮತ್ತ ಹೋಗ್ಲಿಲ್ಲ."

ಸಾಕ್ಷಿ ಬ್ಲೇಡನ್ನು ನೆಲದ ಮೇಲಿಟ್ಟಳು.

"ಎದಿಮ್ಯಾಗ ಇಷ್ಟ ದೊಡ್ಡದು ಚಿತ್ರ ಇದ್ರ ದೂರಿಂದನ ಗೊತ್ತಾಗ್ತೈತಿ, ಅಂಗಡ್ಯಾಗಿನ ಹೊಸಾದು, ಯಾರ ಮೈಮ್ಯಾಗಿಂದೂ ಇಳದದ್ದಲ್ಲ ಅಂತ. ಅಷ್ಟ ಅವರಿಗೆ." ಗುಂಡವ್ವ ಎದ್ದು ಕೌದಿ ಹೊಲಿಯುವ ಸೂಜಿದಾರದ ಡಬ್ಬಿ ತಂದು ಮಗಳ ಮುಂದಿಟ್ಟಳು. "ಕಣ್ಣು ಕಾಣಂಗಿಲ್ಲ ನನಗ. ನೀನ ಹೊಲಿ" ಎಂದು ಹೋಗಿ ಮಲಗಿದಳು.

ಡಬ್ಬಿಯಲ್ಲಿ ಕಿತ್ತಳೆ ದಾರ ಇರಲಿಲ್ಲ. ಅರಿಸಿನ ಬಣ್ಣದ್ದೇ ಹತ್ತಿರದ್ದು. ಸೂಜಿ ಪೋಣಿಸಿಕೊಂಡ ಮೇಲೆ ಸಾಕ್ಷಿಗೆ ದಿಗಿಲಾಯಿತು. ಜಿಂಕೆಯ ಮುಖ ಯಾವ ಕಡೆಗಿತ್ತು, ಮುಂದಕ್ಕೋ, ಹೊರಳಿ ಹಿಂದಕ್ಕೋ? ವರ್ಷದಿಂದ ಮನೆಯಲ್ಲಿದ್ದ ಅಂಗಿ, ಈಗ ತಾನೇ ಕೈಯಾರೆ ಬಿಚ್ಚಿದ ಜಿಂಕೆ. ಬಿಚ್ಚುವಾಗ ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿಕೊಂಡು ಹೊಲಿಗೆಯನ್ನಷ್ಟೇ ನೋಡಿದ್ದಳು. ಫೋನಿನಲ್ಲಿ ಅಪ್ಪನ ಫೋಟೋಗಳನ್ನು ಹುಡುಕಿದಳು. ಸ್ಟೇಟಸ್ಸಿಗೆ ಹಾಕುವ ಮುಂಚೆ ಎಲ್ಲವನ್ನೂ ಕತ್ತಿನ ಕೆಳಗೆ ಕತ್ತರಿಸಿದ್ದಳು. ಮುಖವಷ್ಟೇ ನಗುತ್ತಿತ್ತು.

ಅಂದಾಜಿನ ಮೇಲೆ ಹೊಲಿದಳು. ಗೊತ್ತಿದ್ದದ್ದು ಅವ್ವ ಕಲಿಸಿದ ಕೌದಿಯ ಹೊಲಿಗೆಯೊಂದೇ. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂತು, ಚೀಪಿಕೊಂಡಳು.

ಬೆಳಿಗ್ಗೆ ಸಿದ್ರಾಮ ಸ್ನಾನ ಮಾಡಿ ಬಂದು ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ. ಬಾಚುತ್ತಿದ್ದ ಹಣಿಗೆ ತಲೆಯ ಮೇಲೆಯೇ ನಿಂತಿತು. ಬಾಗಿಲ ಮರೆಯಿಂದ ಸಾಕ್ಷಿ ನೋಡುತ್ತಿದ್ದಳು. ಅವನು ಕನ್ನಡಿಗೆ ಇನ್ನಷ್ಟು ಹತ್ತಿರವಾದ, ಹೆಬ್ಬೆರಳಿನಿಂದ ಹೊಲಿಗೆಯನ್ನು ಸವರಿದ, ಆಮೇಲೆ ತಲೆ ಬಾಚಿ ಮುಗಿಸಿ, "ಚಾ ಆಗಿಲ್ಲೇನ ಇನ್ನ?" ಎಂದು ಕೂಗಿದ.

"ಜೈ ಭೀಮ್ ರೀ" ಎನ್ನುತ್ತ ಬಂದವರು ಮಗ, ತಂದೆ ಇಬ್ಬರೇ. ತಂದೆ ಮಾನಪ್ಪ ಮಾಸ್ತರರದು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ. ಬುದ್ಧನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತು ಮಳೆ, ಬೆಳೆ ಮಾತಾಡಿದರು. ಸಾಕ್ಷಿ ಅವಲಕ್ಕಿ ತಂದಿಟ್ಟಳು. ಅನಿಲಕುಮಾರ ಅವಳನ್ನೊಮ್ಮೆ ನೋಡಿ ನೆಲ ನೋಡಿದ. ಮಾಸ್ತರರ ಕಣ್ಣು ಮಾತ್ರ ಮತ್ತೆ ಮತ್ತೆ ಸಿದ್ರಾಮನ ಎದೆಗೇ ಹೋಗುತ್ತಿತ್ತು. ಕೊನೆಗೆ ಅವರು ಕಿಸೆಯಿಂದ ಚಾಳೀಸು ತೆಗೆದು ಕಣ್ಣಿಗೆ ಹಾಕಿಕೊಂಡರು.

"ಅಲ್ರೀ, ಈ ಚಿಗರಿ ಮುಂದ ಜಿಗದೈತಿ, ಮುಖ ಹಿಂದ ಮಾಡೇತಲ್ಲ! ಎಲ್ಲಾ ಕಡೆ ಮುಂದ ನೋಡೂದನ್ನ ಕಂಡೇನಿ ನಾ."

ಸಾಕ್ಷಿ ಚುಚ್ಚಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸಿದ್ರಾಮ ಅದನ್ನು ನೋಡಿದ.

"ಹೊಸಾ ಮಾಲ್ರಿ ಇದು," ಅಂದ ಅವನು ಎದೆಯುಬ್ಬಿಸಿ. "ಜಿಗಿಯೂದೇನೋ ಜಿಗದೈತಿ. ಮರಿ ಬೆನ್ನ ಹಿಂದ ಬರಾಕತ್ತೈತೋ ಇಲ್ಲೋ ಅಂತ ಹೊಳ್ಳಿ ನೋಡ್ತೈತ್ರಿ."

ಮಾಸ್ತರರು ಹೊಟ್ಟೆ ಕುಣಿಯುವಂತೆ ನಕ್ಕರು. "ಭಾಳ ಛಲೋ ಕಂಪನಿ ಬಿಡ್ರಿ! ನಮ್ಮಂಥವರಿಗೂ ಸಿಗ್ತಾವೇನ?"

"ಒಂದ ಪೀಸ್ ಬಂದಿತ್ರಿ ಇಂಡಿ ಸಂತಿಗೆ. ನಾನ ತೊಗೊಂಡುಬಿಟ್ಟೆ."

ಹೊರಡುವಾಗ ಮಾಸ್ತರರು ಸಿದ್ರಾಮನ ಕೈ ಹಿಡಿದುಕೊಂಡೇ ನಿಂತಿದ್ದರು. "ಮುಂದಿನ ಮಾತಿಗೆ ನೀವು ನಾಲತವಾಡಕ್ಕ ಬರ್ರಿ. ಇದ ಅಂಗಿ ಹಾಕ್ಕೊಂಡ ಬರ್ರಿ ಮತ್ತ."

ಸಂಜೆ ಸಾಕ್ಷಿಯ ಫೋನು ಮಿನುಗಿತು. ಅನಿಲಕುಮಾರ ಬರೆದಿದ್ದ: "ದಾರಿ ತುಂಬ ಅಪ್ಪಾರು ಚಿಗರಿ ಮಾತ ಹೇಳಿ ನಕ್ಕಾರ. ಖರೇ ಹೇಳ್ರಿ, ಏನದು ಕತಿ?"

ಅವಳು ರಾತ್ರಿಯದೆಲ್ಲ ಬರೆಯತೊಡಗಿದಳು. ಬ್ಲೇಡಿನವರೆಗೆ ಬಂದು ನಿಂತಳು. ಕಿಟಕಿಯಾಚೆ ಅಪ್ಪ ಕಟ್ಟೆಯ ಮೇಲೆ ಕೂತು, ಹಾದಿಯಲ್ಲಿ ಹೋಗುವವರಿಗೆಲ್ಲ ಬೀಗರು ಬಂದುಹೋದ ಸುದ್ದಿ ಹೇಳುತ್ತಿದ್ದ. ಬರೆದದ್ದನ್ನೆಲ್ಲ ಅಳಿಸಿದಳು. ಅನಿಲಕುಮಾರನಿಗಷ್ಟೇ ಅಲ್ಲ, ಯಾರಿಗೂ, ಎಂದಿಗೂ ಹೇಳುವುದಿಲ್ಲ ಎಂದುಕೊಂಡಳು.

"ಕತಿ ಏನಿಲ್ರಿ. ಹೊಸಾ ಮಾಲು" ಎಂದಷ್ಟೇ ಕಳಿಸಿ ಹೊರಗೆ ಬಂದಳು. ಸಿದ್ರಾಮ ಮಾತು ನಿಲ್ಲಿಸದೆಯೇ ತುಸು ಸರಿದು, ಕಟ್ಟೆಯ ಮೇಲೆ ಅವಳಿಗೆ ಜಾಗ ಬಿಟ್ಟ.