ಚಾಪೆಯ ಕೆಳಗಿನ ಪಾಠ

ಮೆಲೆಸೆಟಾ ಪೆಟ್ಟಿಗೆಯ ತಳದಿಂದ ತನ್ನ ಮದುವೆಗೆ ಬಂದಿದ್ದ ನವಿರು ಚಾಪೆಯನ್ನು ತೆಗೆದು ಕೊಡವಿದಳು. ಕೋಕೋ ಕುಡಿಯುತ್ತಿದ್ದ ಗಂಡ ಪೆನೆಹುರೋ ಮೇಷ್ಟ್ರ ಕೈ ಅಲ್ಲೇ ನಿಂತಿತು. ಆ ಚಾಪೆ ಹೊರಗೆ ಬರುವುದು ಮದುವೆಗೆ, ಸಾವಿಗೆ, ಇಲ್ಲವೇ ತಪ್ಪು ಮಾಡಿದವನು ತಲೆಯ ಮೇಲೆ ಹೊದ್ದು ನೊಂದವರ ಮನೆ ಮುಂದೆ ಕೂರುವುದಕ್ಕೆ. ಮನೆಯಲ್ಲಿ ಮದುವೆಯಿರಲಿಲ್ಲ, ಯಾರೂ ಸತ್ತಿರಲಿಲ್ಲ.

“ನಾನು ಹೇಳಿದ್ರಲ್ಲಿ ಸುಳ್ಳೇನಿದೆ?” ಎಂದರು ಮೇಷ್ಟ್ರು.

“ಸುಳ್ಳು ಅಂತ ಯಾರಂದ್ರು? ಸುಳ್ಳಾಗಿದ್ರೆ ನಕ್ಕು ಸುಮ್ನಾಗ್ತಿದ್ರು. ಏಳಿ, ಬೆಳಕು ಹರಿಯೋದ್ರೊಳಗೆ ಅಲ್ಲಿರ್ಬೇಕು.”

ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಶಾಲೆ ಬಿಟ್ಟಿತ್ತೇ ಹೊರತು ಪಾಠ ಬಿಟ್ಟಿರಲಿಲ್ಲ. ಸಂಜೆ ಪ್ರಾರ್ಥನೆ ಮುಗಿಸಿ ಕಡಲ ಕಟ್ಟೆಯ ಮೇಲೆ ಕೂತರೆಂದರೆ ಹಚ್ಚೆಯ ಗೆರೆಗಳ ಅರ್ಥ, ಟೋಂಗಾದವರಿಗೂ ನಮ್ಮ ದ್ವೀಪದವರಿಗೂ ನಡೆದ ಹಳೆಯ ಯುದ್ಧ, ಯಾವುದೋ ದೇಶದ ಕವಿ ಹೆಂಡತಿಗೆ ಬರೆದ ಪದ್ಯ, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತಿತ್ತು. ಹುಡುಗರು ವಾಲಿಬಾಲ್ ಬಿಟ್ಟು ಬಂದು ಕೇಳುತ್ತಿದ್ದರು. ಕಳೆದ ವಾರ ಊರ ಯಜಮಾನ ಅಫುಲೋತೋನ ಮಾತು ಬಂತು. ಅಫುಲೋತೋ ಎಂಬುದು ಪಟ್ಟದ ಹೆಸರು. ಪಟ್ಟಕ್ಕೆ ಬಂದವರಿಗೆಲ್ಲ ಅದೇ ಹೆಸರು. ಈಗಿನವನ ಮುತ್ತಜ್ಜ ಈ ವಂಶದವನೇ ಅಲ್ಲ, ಯುದ್ಧದಲ್ಲಿ ಸೆರೆಸಿಕ್ಕು ಬಂದ ಆಳು, ಸಾಯುತ್ತಿದ್ದ ಯಜಮಾನನ ಹುಣ್ಣು ತೊಳೆದು ಸೇವೆ ಮಾಡಿದ್ದಕ್ಕೆ ಅವನಿಗೆ ಪಟ್ಟ ಸಿಕ್ಕಿತು ಎಂದರು ಮೇಷ್ಟ್ರು. ರಕ್ತಕ್ಕಿಂತ ಸೇವೆಯನ್ನು ದೊಡ್ಡದು ಮಾಡಿದ ನಮ್ಮ ಹಿರಿಯರು ಎಂಥವರು ಎಂದು ಕಣ್ಣು ಒದ್ದೆ ಮಾಡಿಕೊಂಡರು ಬೇರೆ.

ಇನ್ನೊಬ್ಬರ ವಂಶಾವಳಿಯನ್ನು ಬೀದಿಯಲ್ಲಿ ಬಿಚ್ಚಬಾರದೆಂದು ನಮ್ಮಲ್ಲಿ ಎಳೆ ಮಗುವಿಗೂ ಗೊತ್ತು. ಇಷ್ಟು ಓದಿದ ಮನುಷ್ಯ ಹೊಗಳುವುದಾದರೆ ಪರವಾಗಿಲ್ಲ ಅಂದುಕೊಂಡರಲ್ಲ, ಏನು ಹೇಳುವುದು! ಅದೂ ಆ ಪಟ್ಟಕ್ಕಾಗಿ ಅಫುಲೋತೋನ ದಾಯಾದಿ ಕೋರ್ಟು ಹತ್ತಿರುವಾಗ.

ಮರುದಿನದಿಂದ ಮೇಷ್ಟ್ರು ಹಾದುಹೋದರೆ ಯಾವ ಮನೆಯವರೂ ಊಟಕ್ಕೆ ಕರೆಯಲಿಲ್ಲ. ಅಂಗಡಿಯವನು ಮೀನಿನ ಡಬ್ಬಿ ಮುಗಿದಿದೆ ಎಂದ. ಡಬ್ಬಿಗಳು ಅವನ ಬೆನ್ನ ಹಿಂದೆಯೇ ಸಾಲಾಗಿದ್ದವು. ಶನಿವಾರ ಯಾರೋ ಹಿತ್ತಲಿನ ದೀವಿಹಲಸಿನ ಮರದ ತೊಗಟೆಯನ್ನು ಸುತ್ತಲೂ ಕೆತ್ತಿ ಹೋಗಿದ್ದರು. ಇವತ್ತು ಮೇಷ್ಟ್ರನ್ನು ಊರಿನಿಂದ ಹೊರಹಾಕುವುದೋ ಬೇಡವೋ ಎಂದು ಊರ ಸಭೆ. ಹಿಂದೆ ಹೊರಹಾಕಿದವರ ಮನೆಗೆ ಬೆಂಕಿ ಬಿದ್ದದ್ದನ್ನು ಎಲ್ಲರೂ ಕಂಡಿದ್ದರು. ಮೇಷ್ಟ್ರ ಅಂಗಳದಲ್ಲಿ ಮಗಳ ಸಮಾಧಿಯಿತ್ತು. ಮೆಲೆಸೆಟಾ ಅದರ ಮೇಲೆ ಕೂತೇ ತರಕಾರಿ ಹೆಚ್ಚುವುದು, ಕೂತೇ ಮಗಳ ಜೊತೆ ಮಾತಾಡುವುದು. ಅದನ್ನು ಬಿಟ್ಟು ಹೋಗಲು ಅವಳಿಂದ ಆಗುತ್ತಿರಲಿಲ್ಲ.

ಅಫುಲೋತೋನ ಮನೆ ಮುಂದೆ ಮೇಷ್ಟ್ರು ಕಾಲು ಮಡಚಿ ಕೂತರು. ಅವಳು ಚಾಪೆ ಹೊದಿಸಿ, ಸೌದೆಯನ್ನೂ, ಕಾಯಿಸಿ ಅಡುಗೆ ಬೇಯಿಸುವ ಒಲೆಗಲ್ಲುಗಳನ್ನೂ ಮುಂದಿಟ್ಟು, ಪಕ್ಕದಲ್ಲಿ ತಲೆ ತಗ್ಗಿಸಿದಳು. ಬೇಕಾದರೆ ನನ್ನನ್ನೇ ಬೇಯಿಸಿಕೊಳ್ಳಿ ಎಂದು ಆ ಕಲ್ಲುಗಳ ಅರ್ಥ. ಈಗ ಅದು ಬರೀ ಸಂಕೇತ ಎಂದು ಮೇಷ್ಟ್ರು ಎಷ್ಟೋ ಸಲ ವಿವರಿಸಿದ್ದರು. ಹತ್ತಿರದಲ್ಲೇ ಯಾರೋ ಕತ್ತಿ ಮಸೆಯುತ್ತಿದ್ದರು. ಬಿಸಿಲೇರಿತು. ಚಾಪೆಯ ಅಂಚಿನಾಚೆ ಬರಿಗಾಲುಗಳು ಹೆಚ್ಚುತ್ತಾ ಹೋದವು. ಯಾರೋ ಬಂದು ಸೌದೆಯನ್ನೂ ಕಲ್ಲುಗಳನ್ನೂ ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಸೌದೆ ಚಟಚಟ ಉರಿಯುವುದು ಕೇಳಿಸಿತು. ಮೇಷ್ಟ್ರಿಗೆ ನಿಜವಾಗಿಯೂ ಭಯವಾಯಿತು.

“ಮೇಷ್ಟ್ರೇ, ಆರಾಮಾ?” ಅಫುಲೋತೋನ ದನಿ. “ಹುಡುಗ್ರೆಲ್ಲ ಸೇರಿದಾರೆ. ಪಾಠ ಇಲ್ದೆ ಕಳಿಸಿದ್ರೆ ಚೆನ್ನಾಗಿರುತ್ತಾ? ಹೇಳಿ, ನಮ್ಮ ಮುತ್ತಜ್ಜ ಯಾರು?”

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಚಾಪೆ ಸರಿಸಲು ಕೈ ಎತ್ತಿದರು.

“ಅಲ್ಲಿಂದ್ಲೇ ಹೇಳಿ. ಚಾಪೆ ತೆಗಿಯೋಕೆ ನಂಗೇನೂ ಅವಸರ ಇಲ್ಲ. ಕಲ್ಲೂ ಇನ್ನೂ ಕಾಯ್ಬೇಕು.”

ಮೆಲೆಸೆಟಾಳ ಕೈ ಚಾಪೆಯೊಳಗೆ ತೂರಿ ಅವರ ಮೊಣಕಾಲು ಹಿಡಿಯಿತು.

“ಹೋದ ವಾರ ನಾನು ಬೇರೆ ದ್ವೀಪದ ಕಥೇನ ಇಲ್ಲೀದು ಅಂತ ಹೇಳ್ಬಿಟ್ಟೆ. ವಯಸ್ಸಾಯ್ತು,” ಎಂದು ಮೇಷ್ಟ್ರು ಶುರುಮಾಡಿದರು. ಆಮೇಲೆ ರೂಢಿ ಅವರನ್ನು ಎಳೆದುಕೊಂಡು ಹೋಯಿತು. ಮುತ್ತಜ್ಜ ಹಿರಿಯ ಹೆಂಡತಿಯ ಹಿರಿಯ ಮಗನಾದ. ಅವನು ಹುಟ್ಟಿದ ಬೆಳಿಗ್ಗೆ ಯಾರೂ ನಡೆಸದ ದೋಣಿಯೊಂದು ತಾನಾಗಿ ದಡಕ್ಕೆ ಬಂತು. ಆಗ ಹಾಡಿದ ಹಾಡೆಂದು ನಾಲ್ಕು ಸಾಲನ್ನೂ ಅಲ್ಲೇ ಕಟ್ಟಿ ಹಾಡಿದರು. ಕತ್ತಿ ಮಸೆಯುವ ಸದ್ದು ನಿಂತಿತು. ಶಾಲೆಯಲ್ಲಿ ಒಂದು ದಿನವೂ ಅವರು ಇಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಕೊನೆಗೆ ಯಾರೋ “ಅಬ್ಬಾ” ಎಂದಾಗ ಅವರಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಫುಲೋತೋ ಬಗ್ಗಿ ಚಾಪೆ ಎತ್ತಿದ. ಎತ್ತುವಾಗ ಅವನ ಬಾಯಿ ಮೇಷ್ಟ್ರ ಕಿವಿಯ ಹತ್ತಿರವೇ ಇತ್ತು.

“ನಮ್ಮಜ್ಜಿ ನಂಗೆ ಹೇಳಿದ್ದು ನಿಮ್ಮ ಹೋದ ವಾರದ ಕಥೇನೇ. ಅದು ನಿಜ ಅಂತ ಗೊತ್ತಿರೋರು ಈಗ ನಾವಿಬ್ರೇ, ಮೇಷ್ಟ್ರೇ. ನಾನು ನಿಮಗಿಂತ ತುಂಬಾ ಚಿಕ್ಕೋನು.”

ಆಮೇಲೆ ಎಲ್ಲರಿಗೂ ಕೇಳುವಂತೆ, “ಬನ್ನಿ ಒಳಗೆ, ಊಟ ಮಾಡೋಣ,” ಎಂದ. ಮೆಲೆಸೆಟಾ ಅಳುತ್ತಾ ಅವನ ಕೈಗೆ ಮುತ್ತಿಟ್ಟಳು. ಮೇಷ್ಟ್ರಿಗೆ ಮರಗಟ್ಟಿದ ಕಾಲುಗಳ ಮೇಲೆ ಎದ್ದು ನಿಲ್ಲಲು ಆಗಲಿಲ್ಲ. ಹುಡುಗರು ಕಡಲಿನ ಕಡೆ ಹೊರಟಿದ್ದರು. ಹಿಂದೆ ಉಳಿದ ಹುಡುಗಿಯೊಬ್ಬಳು ಆ ದೋಣಿಯ ಕಥೆಯನ್ನು ತಂಗಿಗೆ ಹೇಳುತ್ತಾ ನಡೆಯುತ್ತಿದ್ದಳು. ದೋಣಿಗೆ ಆಗಲೇ ಎರಡು ಹಾಯಿಗಳು ಬಂದಿದ್ದವು.