ಪುಟ ಮೂವತ್ತೊಂದರ ಕಣಜ

ಮೆಲ್ಬರ್ನ್ ಬಳಿಯ ವೆರಿಬೀಯ ಮನೆಯಲ್ಲಿ ಅಂಚೆಯ ಲಕೋಟೆ ಒಡೆದ ಅನಘಾಳಿಗೆ ಮೊದಲು ಕಂಡದ್ದು ತಾನೇ ತೆಗೆದ ಫೋಟೊ: ಎರಡು ಮಿಲಿಮೀಟರ್ ಉದ್ದದ, ಹಳದಿ ಪಟ್ಟೆಯ ಕಣಜದ ಹುಳ. ಸಿಡ್ನಿಯ ಕನ್ನಡ ಸಂಘವೊಂದರ ಯುಗಾದಿ ಸ್ಮರಣ ಸಂಚಿಕೆ, ಪುಟ ಮೂವತ್ತೊಂದು. ಲೇಖಕರು ವಿರುಪಾಕ್ಷ, ಅವಳ ಸೋದರಮಾವ.

ಹುಳ ಸಿಕ್ಕಿದ್ದೂ ಅವರಿಗೇ. ಎರಡು ವರ್ಷದ ಹಿಂದೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ತಮ್ಮ ಆಫೀಸಿನ ಹೊರಗೆ, ನೀಲಗಿರಿ ಮರದ ಕೆಳಗೆ ನಿಲ್ಲಿಸಿದ್ದ ಕಾರಿನ ಗಾಜಿನ ಮೇಲೆ ಸತ್ತು ಬಿದ್ದಿತ್ತು. ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿಟ್ಟು ಸೋದರಸೊಸೆಗೆ ಕಳಿಸಿದ್ದರು. ಮೆಲ್ಬರ್ನಿನ ಮ್ಯೂಸಿಯಂ ಒಂದರಲ್ಲಿ ಕೀಟಗಳನ್ನು ವರ್ಗೀಕರಿಸುವ ಅನಘಾ ಅದನ್ನು ಅದರ ಕುಲದ ಎಲ್ಲ ಪ್ರಭೇದಗಳ ಜತೆ ಒಂದೊಂದಾಗಿ ಹೋಲಿಸಿದಳು. ಯಾವುದಕ್ಕೂ ತಾಳೆಯಾಗಲಿಲ್ಲ. ಹುಳ ಹೊಸದು. ಹುಡುಕಿದವರ ಹೆಸರಿಡುವ ರೂಢಿಯಂತೆ ಅದಕ್ಕೆ ‘ವಿರುಪಾಕ್ಷೈ’ ಎಂದು ಹೆಸರಿಟ್ಟು, ಪ್ರಬಂಧದ ಕರಡನ್ನು ಮಾವನಿಗೂ ಕಳಿಸಿದ್ದಳು. ಅದು ಜರ್ನಲ್‌ನಲ್ಲಿ ಬರಲು ಇನ್ನೂ ಒಂದು ತಿಂಗಳಿತ್ತು.

ಅವಳು ನಿಂತಲ್ಲೇ ಲೇಖನ ಓದಿದಳು. ಹೊಸ ಪ್ರಭೇದವೆಂಬ ಘೋಷಣೆ ಇತ್ತು. ಹೆಸರು ರೋಮನ್ ಅಕ್ಷರಗಳಲ್ಲಿತ್ತು. ಕರಡಿನಲ್ಲಿದ್ದ ಲಕ್ಷಣಗಳೆಲ್ಲ ಶುದ್ಧ ಕನ್ನಡದಲ್ಲಿದ್ದವು. ನಿಯಮದ ಪ್ರಕಾರ, ಯಾರು ಮೊದಲು ಸರಿಯಾಗಿ ಅಚ್ಚು ಹಾಕಿಸುತ್ತಾರೋ ಹೆಸರಿಟ್ಟವರು ಅವರೇ. ಹೆಸರು ರೋಮನ್ ಲಿಪಿಯಲ್ಲಿದ್ದರೆ ವಿವರಣೆ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ.

ಫೋನ್ ಮಾಡಿದಳು.

“ಬಂತೇನಮ್ಮ ಸಂಚಿಕೆ? ಹೆಂಗಿದೆ ನನ್ನ ಕನ್ನಡ?”

“ಮಾಮ, ಯಾಕೆ ನನ್ನ ಕೇಳ್ಲಿಲ್ಲ? ಪೇಪರ್ ಇನ್ನೂ ಪಬ್ಲಿಷ್ ಆಗಿಲ್ಲ!”

“ಸರ್‌ಪ್ರೈಸ್ ಅಂತ ಕಣೆ. ನಮ್ಮ ನಾನೂರು ಜನ ಓದೋ ಪುಸ್ತಕ, ಅದನ್ನ ಯಾವ ಸೈಂಟಿಸ್ಟ್ ನೋಡ್ತಾನೆ?”

“ನಾನೂರು ಕಾಪಿ ಸಾಕು ಮಾಮ. ಇದು ಲೆಕ್ಕಕ್ಕೆ ಬಂದ್ರೆ ಹೆಸರಿಟ್ಟಿದ್ದು ನೀವು ಅಂತ ಆಗುತ್ತೆ. ನನ್ನ ಎರಡು ವರ್ಷ ಹೋಯ್ತು.”

ವಿರುಪಾಕ್ಷ ಮೆಲ್ಲನೆ ಕೇಳಿದರು: “ಅಂದ್ರೆ... ನಾನೇ ನನ್ನ ಹೆಸರು ಇಟ್ಕೊಂಡ ಹಾಗಾ?”

“ಹೌದು. ರೂಲ್ಸಲ್ಲಿ ತಪ್ಪಲ್ಲ. ಆದ್ರೆ ಎಲ್ರೂ ನಗ್ತಾರೆ.”

“ಅಯ್ಯೋ ಶಿವನೇ! ಆಫೀಸಲ್ಲೂ ಎರಡು ಕಾಪಿ ಹಂಚಿದೀನಲ್ಲೇ!”

ಅನಘಾ ಕುರ್ಚಿ ಎಳೆದು ಕೂತಳು. ಇನ್ನೊಂದೇ ಪ್ರಶ್ನೆ ಉಳಿದಿತ್ತು. ವಿವರಣೆಗೆ ಆಧಾರವಾದ ಮೂಲ ಮಾದರಿ ಹುಳ ಯಾವುದು, ಎಲ್ಲಿದೆ ಎಂದು ಅಚ್ಚಾಗದೆ ಈಗಿನ ನಿಯಮದಲ್ಲಿ ಯಾವ ಹೊಸ ಹೆಸರೂ ನಿಲ್ಲುವುದಿಲ್ಲ.

“ಮಾಮ, ಹುಳ ಎಲ್ಲಿಟ್ಟಿದೀವಿ ಅಂತ ಬರ್ದಿದ್ರಾ?”

“ಬರೀದೇ ಇರ್ತೀನಾ? ಕೊನೇ ಪ್ಯಾರಾ ಪೂರ್ತಿ ಅದೇ. ಮ್ಯೂಸಿಯಂ ಹೆಸರು, ಹುಳದ ನಂಬರ್, ಎಲ್ಲಾ.”

ಅವಳು ಕಣ್ಣು ಮುಚ್ಚಿ ಪುಟ ತಿರುವಿದಳು. ಕಣ್ಣು ತೆರೆದರೆ ಪುಟ ಮೂವತ್ತೆರಡರ ತುಂಬ ಪೆಂಡಲ್ ಹಿಲ್‌ನ ದಿನಸಿ ಅಂಗಡಿಯ ಜಾಹೀರಾತು: ಸೋನಾ ಮಸೂರಿ, ಹಬ್ಬದ ವಿಶೇಷ ರಿಯಾಯಿತಿ. ಹಿಂದಿನ ಪುಟಕ್ಕೆ ಮರಳಿದಳು. ಲೇಖನ ಹಳದಿ ಪಟ್ಟೆಯ ವಿವರಣೆಗೇ ಮುಗಿದಿತ್ತು.

“ಮಾಮ, ಕೊನೇ ಪ್ಯಾರಾ ಇಲ್ಲ!”

“ಏನು? ಆ ಹೇಮಲತಾ ಕತ್ತರಿಸಿದಾಳೆ! ಎಡಿಟರ್ ಅಂತೆ ಎಡಿಟರ್! ಅಕ್ಕಿ ಮೂಟೆಗೋಸ್ಕರ ನನ್ನ ಲೇಖನದ ಕುತ್ತಿಗೆ ಕುಯ್ದಿದಾಳೆ. ಇರು, ಮುಂದಿನ ವಾರದ ಸಂಘದ ಪತ್ರಿಕೇಲಿ ಪೂರ್ತಿ ಹಾಕಿಸ್ತೀನಿ. ಈಗ್ಲೇ ಫೋನ್—”

“ಬೇಡ ಮಾಮ!” ಅನಘಾ ಕೂಗಿಬಿಟ್ಟಳು. “ಹೇಮಲತಾ ಅವರಿಗೆ ಕೈ ಮುಗೀರಿ. ಆ ಪ್ಯಾರಾ ಇಲ್ದೆ ಈ ಹೆಸರು ನಿಲ್ಲಲ್ಲ; ನಿಮ್ಮ ಮಾನ, ನನ್ನ ಕೆಲಸ, ಎರಡೂ ಉಳೀತು. ಜರ್ನಲ್ ಬರೋವರೆಗೂ ಈ ಹುಳದ ಬಗ್ಗೆ ಒಂದಕ್ಷರ ಬರೀಬೇಡಿ.”

“ಆಯ್ತು, ಆಯ್ತು. ಹಂಗಾದ್ರೆ ನನ್ನ ಲೇಖನ ವೇಸ್ಟಾ?”

ಅವಳು ಆಗಲೇ ಲ್ಯಾಪ್‌ಟಾಪ್ ತೆರೆದಿದ್ದಳು. ಹೆಸರು ಮೊದಲೇ ಎಲ್ಲಾದರೂ ಅಚ್ಚಾಗಿದ್ದರೆ, ನಿಲ್ಲದ ಹೆಸರಾದರೂ, ಅದನ್ನು ಮುಚ್ಚಿಡದೆ ಪ್ರಬಂಧದಲ್ಲಿ ಹೇಳುವುದು ಅವಳ ವೃತ್ತಿಯ ಶಿಸ್ತು.

“ಇಲ್ಲ ಮಾಮ. ಸ್ಮರಣ ಸಂಚಿಕೆ, ಪುಟ ಮೂವತ್ತೊಂದು, ಅಲ್ಲಿನ ಹೆಸರು ಅಸಿಂಧು ಅಂತ ಪೇಪರಲ್ಲಿ ಸೇರಿಸ್ತಿದೀನಿ.”

“ಅಂದ್ರೆ ಜರ್ನಲ್‌ನಲ್ಲಿ ನನ್ನ ಲೇಖನದ ಹೆಸರು ಬರುತ್ತೆ!” ವಿರುಪಾಕ್ಷರ ದನಿ ಏರಿತು. “ತಾಳು, ಹೇಮಲತಾಗೆ ಹೇಳ್ತೀನಿ.”