ಸೀಟಿಯಣ್ಣನ ಎರಡು ಬೆರಳು

ನಮ್ಮ ಬೀದಿಗೆ ಬೆಳಗಾಗುತ್ತಿದ್ದುದೇ ಸೀಟಿಯಣ್ಣನಿಂದ. ಕಸದ ಗಾಡಿ ನಿಲ್ಲಿಸಿ, ಎರಡು ಬೆರಳು ಬಾಯಿಗಿಟ್ಟು ಅವರು ಸೀಟಿ ಹೊಡೆದರೆ ಹಲ್ಲುಜ್ಜುತ್ತಿದ್ದವರೂ ಬಕೆಟ್ ಹಿಡಿದು ಓಡಿ ಬರಬೇಕು. ಅದೇ ಬೆರಳಿಂದ ಚೀಲದ ಗಂಟು ಬಿಚ್ಚುತ್ತಿದ್ದರು, ಅದೇ ಬೆರಳು ಮತ್ತೆ ಬಾಯಿಗೆ. ಅದಕ್ಕೆಂದೇ ಗ್ಲೌಸಿನ ತುದಿಗಳನ್ನು ಕತ್ತರಿಸಿಕೊಂಡಿದ್ದರು ಪುಣ್ಯಾತ್ಮ!

ಒಂದು ಬೆಳಿಗ್ಗೆ ಚೀಲದೊಳಗಿದ್ದ ಸೂಜಿ ಬೆರಳಿಗೆ ಚುಚ್ಚಿತು. ಚೀಪಲು ಹೊರಟವರನ್ನು ಕಂಡು ಎದುರು ಮನೆಯ ನರ್ಸಕ್ಕ ಕೂಗಿದರು. "ಅಣ್ಣಾ, ಬಾಯಿಗಿಡಬೇಡಿ!"

"ಏನಿಲ್ಲ ಅಕ್ಕ, ಇರುವೆ ಕಚ್ಚಿದ ಹಾಗಾಯ್ತು. ಕಸ ಎತ್ತಿ ಎತ್ತಿ ನನ್ನ ಮೈ ಕಲ್ಲಾಗಿದೆ."

"ಕಲ್ಲಿಂದ ರಕ್ತ ಬರುತ್ತಾ? ಬನ್ನಿ ಇಲ್ಲಿ."

ನಲ್ಲಿ ಬಿಟ್ಟು, ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಸಿದರು. "ಹಿಂಡಬೇಡಿ, ಚೀಪಬೇಡಿ. ಯಾರ ರಕ್ತ ತಾಗಿದ ಸೂಜಿಯೋ! ಕಾಮಾಲೆ, ಎಚ್‌ಐವಿ ಹೀಗೂ ಬರಬಹುದು. ಈಗಲೇ ಆಸ್ಪತ್ರೆಗೆ ಹೋದರೆ ತಡೆಯೋಕೆ ಔಷಧಿ ಇದೆ. ತಡ ಮಾಡಿದರೆ ಕಷ್ಟ."

"ಗಾಡಿ ಯಾರು ನೋಡ್ಕೋತಾರೆ?"

ಜೊತೆಗೆ ಕೆಲಸ ಮಾಡುವ ಹೆಂಡತಿಯ ಕಣ್ಣು ತುಂಬಿತ್ತು. "ಗಾಡಿ ನಾನು ನೋಡ್ಕೋತೀನಿ. ನಿಮ್ಮಂಥ ಇನ್ನೊಬ್ಬರನ್ನ ಎಲ್ಲಿಂದ ತರಲಿ?" ಸೀಟಿಯಣ್ಣ ಆಸ್ಪತ್ರೆಗೆ ಹೊರಟರು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಧನುರ್ವಾಯು ಆಗದಂತೆ ಇಂಜೆಕ್ಷನ್, ಕಾಮಾಲೆಯ ಲಸಿಕೆ, ಮಾತ್ರೆ ಎಲ್ಲ ಕೊಟ್ಟರು. "ಒಂದು ಸೂಜಿ ಚುಚ್ಚಿತು ಅಂತ ಹೋದರೆ ಇನ್ನೂ ನಾಲ್ಕು ಕಡೆ ಚುಚ್ಚಿ ಕಳಿಸಿದರಲ್ಲೇ!" ಎಂದು ಬಂದು ಗೊಣಗಿದಾಗ ಹೆಂಡತಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಬೆರಳು ಪೂರ್ತಿ ಮುಚ್ಚುವ ಗ್ಲೌಸು ಬಂತು, ಸೀಟಿ ನಿಂತಿತು. ಗಾಡಿ ಬಂದದ್ದೇ ಬೀದಿಗೆ ತಿಳಿಯಲಿಲ್ಲ. ಸುದ್ದಿ ಕೇಳಿದ್ದ ಮೂಲೆಮನೆಯ ಅಜ್ಜಿ ಮಾತ್ರ ಬಾಗಿಲಲ್ಲೇ ಕಾದಿದ್ದರು. ಸಕ್ಕರೆ ಕಾಯಿಲೆಗೆ ದಿನಾ ಇಂಜೆಕ್ಷನ್ ಚುಚ್ಚಿಕೊಳ್ಳುವವರು ಅವರು.

"ಆ ಸೂಜಿ ನಂದೇ ಇರಬೇಕು ಕಣಪ್ಪ. ಚೀಲ ಬಿಚ್ಚೋದೂ ಒಂದು ಕೈ ಅಂತ ನನಗೆ ಹೊಳೀಲೇ ಇಲ್ಲ."

ಗಟ್ಟಿ ಡಬ್ಬಿಗೆ ಸೂಜಿಗಳನ್ನು ಹಾಕಿ, ಮುಚ್ಚಳ ಬಿಗಿದು, ಮೇಲೆ 'ಸೂಜಿ ಇದೆ, ಹುಷಾರು' ಎಂದು ಬರೆದಿದ್ದರು. ಜೊತೆಗೆ ಮೊಮ್ಮಗಳ ಹಳೇ ಸೈಕಲ್ಲಿನ ಹಾರನ್ನನ್ನೂ ಕೊಟ್ಟರು. ಗಾಡಿಗೆ ಕಟ್ಟಿ ಅದುಮಿದರೆ, ಪೊಂಯ್! ಬೀದಿಗೆ ಬೀದಿಯೇ ನಗುತ್ತಾ ಹೊರಬಂತು. ಡಾಕ್ಟರು ಹೇಳಿದಾಗಲೆಲ್ಲ ಸೀಟಿಯಣ್ಣ ಪರೀಕ್ಷೆ ಮಾಡಿಸಿಕೊಂಡರು, ಯಾವ ಕಾಯಿಲೆಯೂ ತಗುಲಿರಲಿಲ್ಲ. ಹೆಸರು ಮಾತ್ರ ಸೀಟಿಯಣ್ಣ ಅಂತಲೇ ಉಳಿಯಿತು.

ಕಸ ಎತ್ತುವ ಅಣ್ಣ ಅಕ್ಕಂದಿರೇ, ಗ್ಲೌಸು ಕತ್ತರಿಸಬೇಡಿ, ಲಸಿಕೆ ಹಾಕಿಸಿಕೊಳ್ಳಿ, ಸೂಜಿ ಚುಚ್ಚಿದರೆ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ಮನೆಯಲ್ಲಿರುವವರೇ, ಸೂಜಿ, ಬ್ಲೇಡು, ಒಡೆದ ಗಾಜನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿ, ಬಾಯಿಬಿಟ್ಟು ಹೇಳಿ ಬೇರೆಯಾಗಿ ಕೊಡಿ. ನಾಳೆ ಚೀಲಕ್ಕೆ ಗಂಟು ಹಾಕುವಾಗ, ಅದನ್ನು ಬಿಚ್ಚುವ ಬೆರಳನ್ನು ಒಮ್ಮೆ ನೆನೆಯಿರಿ.